ಜಗಲಿಯಲ್ಲಿ ಓದಿದ ಗಣಿತ

ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಬೀಜಗಣಿತ ನೆನಪಾಗುತ್ತದೆ.

ಎಂಬತ್ತರ ದಶಕದ ಆರಂಭ. ಪುತ್ತೂರಿನ ನಮ್ಮ ಜಗಲಿಯಲ್ಲಿ ಚಿಕ್ಕಮ್ಮ ಬೀಡಿ ಕಟ್ಟುತ್ತಿದ್ದರು; ಶಾಲೆಯಿಂದ ಬಂದ ನಾನು ಪಕ್ಕದಲ್ಲಿ ಕೂತು ಕಾದಂಬರಿ ಓದಿ ಹೇಳುವುದು ರೂಢಿ. ಐದನೆಯ ಕ್ಲಾಸಿಗೇ ಶಾಲೆ ಬಿಡಬೇಕಾಗಿ ಬಂದ ಚಿಕ್ಕಮ್ಮನಿಗೆ, ನನ್ನ ಲೆಕ್ಕದ ಪುಸ್ತಕದಲ್ಲಿ ಅಂಕೆಗಳ ನಡುವೆ ಅಕ್ಷರಗಳು ಯಾಕೆ ಬಂದು ಕೂತಿವೆ ಎಂಬುದು ಬಹುಕಾಲದ ಸಂಶಯ. ಹಾಗಾಗಿ ಒಂದು ದಿನ ಲೈಬ್ರರಿಯಿಂದ ಅವರೇ ಹೇಳಿ ತರಿಸಿದ್ದು ಗಣಿತದ ಪುಸ್ತಕ. ರಟ್ಟಿನ ಮೇಲೆ ‘ಜನಸಾಮಾನ್ಯರಿಗಾಗಿ’ ಎಂದು ದಪ್ಪಕ್ಷರದಲ್ಲಿತ್ತು.

ಗಣಿತಕ್ಕೆ ಹೆದರಬಾರದೆಂದು ಲೇಖಕರು ಮುನ್ನುಡಿಯಲ್ಲಿ ಅಭಯವಿತ್ತಿದ್ದರು. ಮೊದಲ ಪುಟದಲ್ಲಿ ಕುರಿ ಎಣಿಸುವ ಮುದುಕನೊಬ್ಬ ಬಂದ. ಚಿಕ್ಕಮ್ಮನ ಮುಖ ಅರಳಿತು. ಎರಡನೆಯ ಪುಟದಲ್ಲಿ ಮುದುಕನೂ ಇಲ್ಲ, ಕುರಿಯೂ ಇಲ್ಲ. ‘ಇದರಿಂದ ಸುಲಭವಾಗಿ ತಿಳಿಯುವುದೇನೆಂದರೆ’ ಎಂದು ಹೊರಟ ವಾಕ್ಯ ಕಂಸಗಳ ಒಳಗೆ ಹೊಕ್ಕದ್ದು ಹೊರಗೆ ಬರಲೇ ಇಲ್ಲ.

“ಇನ್ನೊಮ್ಮೆ ಓದು ಮಗಳೇ.”

ಓದಿದೆ.

“ಅದು ಎಂತ ಹೇಳುದು?”

“ಸುಲಭ ಉಂಟು ಅಂತ ಹೇಳುದು ಚಿಕ್ಕಮ್ಮ.”

“ಯಾರಿಗೆ ಮಾರಾಯ್ತಿ?”

ಲೇಖಕರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಟ್ಟಿಯಾಗಿ ಓದಿದರೆ ಅರ್ಥವಾದೀತೆಂಬ ನಂಬಿಕೆಯಿಂದ ಮತ್ತೊಮ್ಮೆ ಕಿರುಚಿ ಓದಿದೆ. ಚಿಕ್ಕಮ್ಮ ಕೆಲಸ ನಿಲ್ಲಿಸಿ ಕೇಳಿದರು. ಆಮೇಲೆ ಪುಸ್ತಕ ಇಸಿದುಕೊಂಡು ರಟ್ಟನ್ನು ತುಂಬಾ ಹೊತ್ತು ನೋಡಿದರು.

“ಸಾಕು ಬಿಡು. ನಾವು ಜನಸಾಮಾನ್ಯರೂ ಅಲ್ಲ ಅಂತ ಆಯ್ತು. ನಾಳೆ ಕಾದಂಬರಿಯೇ ತಾ,” ಎಂದು ಬೀಡಿಗೆ ನೂಲು ಸುತ್ತತೊಡಗಿದರು.