ಐವತ್ತನೇ ಇಸವಿಯ ಕರೆ

"ಎಂಟೂವರೆಗೆ ಗಂಡಿನೋರು ಛತ್ರಕ್ಕೆ ಬರ್ತಾರಂತೆ. ಎದ್ದು ಮುಖ ತೊಳ್ಕೊಳ್ರೀ," ಎಂದು ಪುಟ್ಟಬಸಮ್ಮ ಮತ್ತೊಮ್ಮೆ ಹೇಳಿದರು. ಸದಾಶಿವಯ್ಯನವರು ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ. ಫ್ರಾನ್ಸಿನಲ್ಲಿ ತೊಂಬತ್ತೆಂಟರ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು. ಅಂದು ಸಂಜೆ ಜಪಾನಿಗೂ ಕ್ರೊಯೇಷಿಯಾಕ್ಕೂ ಆಟ.

"ನಾನು ಬರಲ್ಲ ಅಂದ್ನಲ್ಲ. ಬೇಕಾದ್ರೆ ನೀನು ಹೋಗು."

"ಬೀಗರನ್ನ ಎದುರುಗೊಳ್ಳಬೇಕಾದ ಹಿರಿಯರೇ ಇಲ್ಲಿ ಕೂತ್ರೆ, ನಾನೊಬ್ಳು ಹೋಗಿ ಏನು ಮಾಡ್ಲಿ?"

ಮದುವೆ ಅವರ ತಮ್ಮ ವಿಶ್ವನಾಥನ ಮಗಳು ಶಿಲ್ಪಶ್ರೀಯದು. ಆಷಾಢ ಹಿಡಿಯುವ ಮೊದಲೇ ಮುಗಿಸಬೇಕೆಂದು ಎಲ್ಲವೂ ಅವಸರದಲ್ಲಿ ನಿಶ್ಚಯವಾಗಿತ್ತು. ಆ ಅವಸರದಲ್ಲೇ ವಿಶ್ವನಾಥ ಎಡವಿದ್ದ. ಗಂಡ ಹೆಂಡತಿ ಜೊತೆಯಾಗಿ ಮನೆಗೆ ಬಂದು, ಕುಂಕುಮ ಕೊಟ್ಟು, ಅಣ್ಣನ ಕಾಲಿಗೆ ನಮಸ್ಕರಿಸಿ ಕರೆಯಬೇಕಾದವನು, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಎದುರಾದಾಗ ಚೀಲದಿಂದ ಲಗ್ನಪತ್ರಿಕೆ ತೆಗೆದು ಕೈಗಿಟ್ಟಿದ್ದ, ಮಲ್ಲಿಗೆಯ ಜೊತೆ ಕೊಸರು ಕೊಟ್ಟ ಹಾಗೆ. "ಮನೆಗೂ ಬರ್ತೀವಿ ಅಣ್ಣ" ಅಂದವನು ಬರಲೇ ಇಲ್ಲ. ಸದಾಶಿವಯ್ಯನವರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಾದರು, ಕುದಿದರು, ಕೊನೆಗೆ ಹೋಗುವುದಿಲ್ಲವೆಂದು ಗಟ್ಟಿಮಾಡಿಕೊಂಡು ಟಿ.ವಿ. ಮುಂದೆ ಕೂತರು.

ಪುಟ್ಟಬಸಮ್ಮ ವಾದ ಮಾಡುವವರಲ್ಲ. ಪಕ್ಕದಲ್ಲೇ ಕೂತು ಸ್ವಲ್ಪ ಹೊತ್ತು ಆಟ ನೋಡಿದರು. "ನಮ್ಮೋರು ಯಾವತ್ತು ಆಡ್ತಾರೆ?"

"ನಮ್ಮೋರೆಲ್ಲಿ ಇದ್ದಾರೆ ಇದ್ರಲ್ಲಿ!" ಎಂದರು ಸದಾಶಿವಯ್ಯ. ಹಿಂದೆಯೇ ಬೆನ್ನು ನೆಟ್ಟಗಾಯಿತು. ಒಂದು ಕಾಲಕ್ಕೆ ಮಿಲ್ಲಿನ ತಂಡದಲ್ಲಿ ಅಣ್ಣ ಫಾರ್ವರ್ಡ್, ತಮ್ಮ ಬ್ಯಾಕ್. ಇಬ್ಬರೂ ಬರಿಗಾಲಲ್ಲಿ ಚೆಂಡೊದ್ದೇ ಬೆಳೆದವರು. ಫುಟ್‌ಬಾಲಿನ ಮಾತು ಬಂದರೆ ಅವರಿಗೆ ಊಟವೂ ಬೇಡ. "ಆದ್ರೆ ಇದೇ ಜಪಾನಿನೋರನ್ನ ಅರವತ್ತೆರಡರಲ್ಲಿ ಜಕಾರ್ತದಲ್ಲಿ ಬಡಿದು, ಏಷ್ಯನ್ ಗೇಮ್ಸ್ ಚಿನ್ನ ತಂದ್ರು ಕಣೇ. ಅದಕ್ಕೂ ಮುಂಚೆ ದಿಲ್ಲೀಲಿ ಒಂದು ಚಿನ್ನ. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಜಾಗ!"

"ಅಷ್ಟು ಚೆನ್ನಾಗಿ ಆಡ್ತಿದ್ದೋರು ಇಲ್ಲಿಗ್ಯಾಕೆ ಬರ್ಲಿಲ್ಲ?"

"ಕರೆದಿದ್ರು. ಐವತ್ತನೇ ಇಸವೀಲಿ, ಬ್ರೆಜಿಲ್‌ಗೆ. ಬರಿಗಾಲಲ್ಲಿ ಆಡೋ ಹಾಗಿಲ್ಲ ಅಂದ್ರಂತೆ. ಹಂಗಾದ್ರೆ ನಾವೂ ಬರಲ್ಲ ಅಂದ್ಬುಟ್ರು ನಮ್ಮೋರು. ದೂರ, ಖರ್ಚು, ಅದು ಇದು ಅಂತ ಬೇರೆ ಕಾರಣಾನೂ ಹೇಳ್ತಾರೆ, ಬುಡು. ನಂಗೆ ಮಾತ್ರ ಇದೇ ಸರಿ. ಮರ್ಯಾದೆ ಇಲ್ಲದ ಕಡೆ ಕಾಲಿಡಬಾರ್ದು."

"ಆಮೇಲೆ?"

"ಆಮೇಲೇನು?"

"ಆಮೇಲೆ ಯಾವಾಗ ಕರೆದ್ರು?"

ಈ ಕಥೆಯನ್ನು ಸದಾಶಿವಯ್ಯನವರು ಕಂಡಕಂಡವರಿಗೆಲ್ಲ ಹೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಆಮೇಲೆ... ನಾವೇ ಗೆದ್ದು ಹೋಗ್ಬೇಕಾಯ್ತು. ಆಗ್ಲಿಲ್ಲ."

"ಇವತ್ತಿನವರೆಗೂ ಆಗ್ಲಿಲ್ವಾ?"

"ಇಲ್ಲ."

"ಅಯ್ಯೋ ಪಾಪ," ಎಂದು ಪುಟ್ಟಬಸಮ್ಮ ಎದ್ದು ಸೀರೆ ಉಡಲು ಒಳಗೆ ಹೋದರು. ಬೇರೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ತಿರುಗಿ ರೇಗಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲ ಮಹಾತಾಯಿ.

ಆಟದ ಕಡೆ ಗಮನ ನಿಲ್ಲಲಿಲ್ಲ. ಶಿಲ್ಪಶ್ರೀ ಚಿಕ್ಕವಳಿದ್ದಾಗ ಅವರ ಹೆಗಲ ಮೇಲೆ ಕೂತು ಮ್ಯಾಚಿಗೆ ಬರುತ್ತಿದ್ದಳು. ಗೋಲು ಬಿದ್ದರೆ ದೊಡ್ಡಪ್ಪನ ಎರಡೂ ಕಿವಿ ಹಿಡಿದು ಎಳೆಯುತ್ತಿದ್ದಳು. ನಾಳೆ ಧಾರೆಯ ಹೊತ್ತಿಗೆ ಆ ಹುಡುಗಿ ತಲೆಯೆತ್ತಿ ಯಾರನ್ನು ಹುಡುಕುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟರಲ್ಲಿ ಕ್ರೊಯೇಷಿಯಾ ಒಂದು ಗೋಲು ಹೊಡೆಯಿತು, ಆಟವೂ ಮುಗಿಯಿತು. ಸೋತ ಜಪಾನಿನ ಆಟ ನೋಡಲು ಬಂದಿದ್ದ ಜನ ನೀಲಿ ಅಂಗಿ ತೊಟ್ಟು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

"ನನ್ನ ಬಿಳಿ ಪಂಚೆ ಎಲ್ಲೇ?"

"ಮಂಚದ ಮೇಲಿದೆ. ಬೆಳಿಗ್ಗೆನೇ ಇಸ್ತ್ರಿ ಮಾಡಿಸಿಟ್ಟಿದ್ದೀನಿ."

ಕುಂಬಾರಕೊಪ್ಪಲಿನ ಛತ್ರ ಮುಟ್ಟುವವರೆಗೂ ಸದಾಶಿವಯ್ಯನವರು ಆಟೋದಲ್ಲಿ ತಮ್ಮನಿಗೆ ಹೇಳಬೇಕಾದ ನಾಲ್ಕು ಖಾರದ ಮಾತುಗಳನ್ನು ಹೊಂದಿಸಿಕೊಂಡೇ ಬಂದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ತಮ್ಮ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಒಳಗೆ ಓಡಾಡುತ್ತಿದ್ದವರೆಲ್ಲ ಬರಿಗಾಲಲ್ಲೇ ಇದ್ದರು. ಆರತಿ ತಟ್ಟೆ ಹಿಡಿದವರ ನಡುವೆ ಬೆವರುತ್ತ ನಿಂತಿದ್ದ ವಿಶ್ವನಾಥ ಅಣ್ಣನನ್ನು ಕಂಡು ಓಡಿಬಂದ.

"ಅಣ್ಣ... ಮನೆಗೆ ಬಂದು ಕರೀಬೇಕಾಗಿತ್ತು. ನೀನು ಬರಲ್ವೇನೋ ಅಂತ ಬಾಗಿಲನ್ನೇ ನೋಡ್ತಿದ್ದೆ."

ಹೊಂದಿಸಿಟ್ಟ ನಾಲ್ಕು ಮಾತುಗಳಲ್ಲಿ ಒಂದೂ ಸದಾಶಿವಯ್ಯನವರ ಬಾಯಿಗೆ ಬರಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು ವಿಶ್ವನಾಥ ಕೇಳಿದ: "ಜಪಾನ್ ಮ್ಯಾಚು ಏನಾಯ್ತಣ್ಣ?"

"ಸೋತ್ರು ಕಣೋ," ಎಂದರು ಸದಾಶಿವಯ್ಯ, ತಮ್ಮನ ಹೆಗಲ ಮೇಲೆ ಕೈಯಿಟ್ಟು. "ಆದ್ರೂ ಬಂದಿದ್ರು."