ನೂರಕ್ಕೆ ತೊಂಬತ್ತಾರು

ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವುದನ್ನು ಜನಸಾಮಾನ್ಯರಿಗೆ ಹೇಗೆ ಕಲಿಸಿದರೆ ಚೆನ್ನ ಎಂದು ನೋಡಲು ಡಾಕ್ಟರ್ ನಳಿನಾಕ್ಷಿ ಶಾಲೆಗಳ ಬಿಸಿಯೂಟದ ಅಡುಗೆಯವರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ರಬ್ಬರ್ ಗೊಂಬೆಯ ಮೇಲೆ ಕೈಯಾರೆ ಒತ್ತಿ ಕಲಿತಿತ್ತು. ಇನ್ನೊಂದು ಗುಂಪು ಹತ್ತು ನಿಮಿಷದ ವಿಡಿಯೊ ನೋಡಿತ್ತು, ಅಷ್ಟೇ.

ಆರು ತಿಂಗಳ ನಂತರ ಗೊಂಬೆಯ ಮೇಲೆ ಎಲ್ಲರಿಗೂ ಪರೀಕ್ಷೆ ನಡೆಯಿತು. ನೂರಕ್ಕೆ ತೊಂಬತ್ತಾರು ಅಂಕ ಪಡೆದು ಮೊದಲು ಬಂದವಳು ವಿಡಿಯೊ ಗುಂಪಿನ ಪುಟ್ಟಗಂಗಮ್ಮ.

“ಹಿಂಗೆ ಒತ್ತಿದ್ರೆ ಜೀವ ಉಳೀತದಾ, ಮೇಡಮ್ಮೋರೆ?”

“ಎಷ್ಟೋ ಸಲ ಉಳಿಯುತ್ತೆ. ಯಾಕಮ್ಮ?”

“ಹೋದ ತಿಂಗಳು ನಮ್ಮೆಜಮಾನ್ರಿಗೆ ಹಿಂಗೇ ಆಯ್ತು. ಆಂಬುಲೆನ್ಸ್ ಬರೋಗಂಟ ಒತ್ತಿದೆ. ಉಳೀಲಿಲ್ಲ. ನಾನೇನು ತಪ್ಪು ಮಾಡ್ದೆ?”

“ಎಲ್ಲಿ ಮಲಗಿದ್ರು ಅವರು?”

“ಹಾಸಿಗೆ ಮೇಲೆ. ದಪ್ಪ ಹತ್ತಿ ಹಾಸಿಗೆ.”

ನಳಿನಾಕ್ಷಿಗೆ ಕಾರಣ ಹೊಳೆಯಿತು. ಗಟ್ಟಿ ನೆಲದ ಮೇಲೆ ಮಲಗಿಸಬೇಕೆಂದು ಗೊಂಬೆ ಗುಂಪಿನವರಿಗೆ ಅವರೇ ಹೇಳಿದ್ದರು. ವಿಡಿಯೊದಲ್ಲಿ ಆ ಮಾತು ಬಿಟ್ಟುಹೋಗಿತ್ತು. ಅವರು ಪುಟ್ಟಗಂಗಮ್ಮನ ಕೈ ಹಿಡಿದುಕೊಂಡು ಸಮಾಧಾನ ಹೇಳಿದರು.

“ನಿಮ್ಮ ತಪ್ಪಲ್ಲಮ್ಮ. ಮೆತ್ತನೆ ಹಾಸಿಗೆ ಮೇಲೆ ಎಷ್ಟು ಒತ್ತಿದ್ರೂ ಹಾಸಿಗೆ ತಗ್ಗುತ್ತೆ, ಎದೆ ತಗ್ಗಲ್ಲ. ಅವರು ನೆಲದ ಮೇಲೆ ಬಿದ್ದಿದ್ರೆ ಉಳ್ಕೋತಿದ್ರೇನೋ.”

ಪುಟ್ಟಗಂಗಮ್ಮ ಕೈ ಬಿಡಿಸಿಕೊಂಡಳು.

“ನೆಲದ ಮೇಲೇ ಬಿದ್ದಿದ್ರು. ಬೆನ್ನಿಗೆ ನೋವಾಗ್ತದೆ ಅಂತ ನಾನೇ ಎತ್ತಿ ಹಾಸಿಗೆ ಮೇಲೆ ಮಲಗಿಸ್ದೆ.”