ಗೆದ್ದ ಮರುದಿನದ ಖಿಚಡಿ

ಮಾಜಿ ಶಾಸಕ ಯಾಕೂಬಸಾಬರು ತಮ್ಮ ಆತ್ಮಕಥೆಯ ಕರಡನ್ನು ಹೆಂಡತಿಗೆ ಓದಿ ಹೇಳುತ್ತಿದ್ದರು: 'ಮೊದಲ ಸಲ ಗೆದ್ದ ಮರುದಿನ ಶಹಾಪುರದ ನಮ್ಮ ಮನೆಯಲ್ಲಿ ಇನ್ನೂರು ಕಾರ್ಯಕರ್ತರು ಉಂಡರು. ಜುಲೇಖಾ ಮಾಡಿದ ಆ ಖಿಚಡಿಯ ರುಚಿ ಮತ್ತೆಂದೂ ಸಿಗಲಿಲ್ಲ.'

ಬೆಳ್ಳುಳ್ಳಿ ಸುಲಿಯುತ್ತಿದ್ದ ಜುಲೇಖಾಳ ಕೈ ನಿಂತಿತು. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ; ನೆರೆಯವರೇ ಊಟ ತರುತ್ತಾರೆ. ಅಂದು ಅವರು ತಂದದ್ದನ್ನು ಮುಚ್ಚಿಟ್ಟು, ಗಂಡನ ಮಾತಿಗೆ ಅವಳು ಒಲೆ ಹಚ್ಚಿದ್ದಳು. ಎಂಟು ತಿಂಗಳ ಮಗಳು ತರನ್ನುಮಳನ್ನು ಹಿಂದಿನ ದಿನವಷ್ಟೇ ಮಣ್ಣು ಮಾಡಿದ್ದರು.

"ಮಕ್ಕಳ ಸುದ್ದಿ ಬರದೀರೇನ್ರಿ?" ಎಂದಳು.

"ಇಬ್ಬರದೂ ಬರದೀನಿ. ಗಯಾಸಂದು ಬರದು ತೌಫೀಕಂದು ಬಿಟ್ರ ಜಗಳಾ ತಗೀತಾನ," ಎಂದು ನಕ್ಕರು. ಪೆನ್ನಿನ ಮುಚ್ಚಳ ತೆಗೆದರು. "ಅದಿರಲಿ, ಖಿಚಡಿಗೆ ಯಾವ ಬ್ಯಾಳಿ ಹಾಕಿದ್ದಿ?"

ಜುಲೇಖಾ ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡಳು.

"ಮಸೂರ," ಎಂದಳು.